ಜಾಲಿಮ್ ಹುಮಾಯೂನನ ಅಂತರಂಗ

ಕಮಲಾಪುರದ ಗೃಹಸ್ಥರೊಬ್ಬರು ನಮಗೊಂದು ಪತ್ರವನ್ನು ಬರೆದಿರುವರು. ಪತ್ರದೊಡನೆ ಆ ಊರಿನ ಹೆಸರಾಂತ ಕೆಂಪುಬಾಳೆಯ ಒಂದು ಚಿಪ್ಪನ್ನೂ ಕಲಬುರಗಿಗೆ ಕಳುಹಿಸಿಕೊಟ್ಟಿರುವರು. ತೀರ್ಪು ಹೇಳತಕ್ಕವನು ವಾದಿಯಿಂದ ಕಾಣಿಕೆಯನ್ನು ಸ್ವೀಕರಿಸಬಾರದೆಂಬುದು ನ್ಯಾಯವೇ ಸರಿ. ಆದರೆ ಹಣ್ಣು ನಮ್ಮ ಕೈಸೇರುವುದಕ್ಕೆ ಮೊದಲೇ ಮನೆಯ ಮಕ್ಕಳ ಕೈಸೇರಿದುದರಿಂದ ನಾವು ಹೇಗೋ ನಿರ್ದೋಷಿಗಳಾಗಿ ಉಳಿದಿರುವೆವು.

ಪತ್ರದ ಸಾರವಿದು. ಅವರ ಮೊಮ್ಮಗನು ಶಾಲೆಯಲ್ಲಿ ಕ್ರಿಸ್ತಜಯಂತಿಯ ನಿಮಿತ್ತವಾಗಿ ಆಡಿದ ಆಟವೊಂದರಲ್ಲಿ ಹೆರೋದ ರಾಜನ ವೇಷವನ್ನು ಧರಿಸಿದ್ದನಂತೆ. ಬೇತ್ಲೆಹೇಮಿನಲ್ಲಿ ಯೆಹೂದ್ಯರ ಅರಸನು ಹುಟ್ಟಿರುವನೆಂದು ಮೂಡಣ ದೇಶದ ಜ್ಞಾನಿಗಳ ಬಾಯಿಂದ ಕೇಳಿ, ಆ ಸೀಮೆಯ ಎರಡು ವರ್ಷದೊಳಗಣ ಗಂಡುಕೂಸುಗಳನ್ನೆಲ್ಲ ಕೊಲ್ಲಿಸಿದವನೇ ಆ ಹೆರೋದ. ಆಟ ಮುಗಿಸಿ ಮನೆಗೆ ಬಂದ ಹುಡುಗನು ಅವನು ಹಾಗೇಕೆ ಮಾಡಿದನೆಂದು ಕೇಳಿದನು. ದುಷ್ಟನಾದುದರಿಂದ ಮಾಡಿದನೆಂದು ಅಜ್ಜನವರು ಉತ್ತರವಿತ್ತರು. ದುಷ್ಟನೆಂದು ಹೇಗೆ ತಿಳಿಯಿತೆಂದು ಹುಡುಗನು ಮರಳಿ ಕೇಳಲು, ಕೂಸುಗಳನ್ನು ಕೊಲ್ಲಿಸಿದುದರಿಂದ ತಿಳಿಯಿತೆಂದರು. ಇಷ್ಟಾದ ಮೇಲೆ ಹುಡುಗನು ಸುಮ್ಮನಾದನಾದರೂ ಅಜ್ಜನವರಿಗೆ ನಿದ್ರೆ ಬರಲಿಲ್ಲವಂತೆ.

ಮುಂದೆ ತಿಂಗಳೊಪ್ಪತ್ತಿನಲ್ಲಿ ಅವರೆಲ್ಲರೂ ಬೀದರಕ್ಕೆ ಹೋಗಿ ಅಷ್ಟೂರಿನ ಗೋರಿಗಳನ್ನು ಕಂಡರು. ಅಲ್ಲಿ ಗುಮ್ಮಟದ ಬಹುಭಾಗವು ಸಿಡಿದು ಬಿದ್ದು, ಒಳಮೈಯೆಲ್ಲ ಬಯಲಿಗೆ ಕಾಣುವಂತೆ ನಿಂತಿರುವ ಒಂದು ಗೋರಿಯುಂಟು. ಅದು ಬಹಮನಿ ಸುಲ್ತಾನ ಹುಮಾಯೂನನದು. ಜನರು ಅವನನ್ನು ‘ಜಾಲಿಮ್’, ಎಂದರೆ ಕ್ರೂರಿ, ಎಂದು ಕರೆಯುವರು. ಅವನ ಪಾಪವನ್ನು ತಾಳಲಾರದೆ ಆಕಾಶವೇ ಸಿಡಿಲನ್ನು ಕಳುಹಿಸಿತೆಂದು ಅಲ್ಲಿದ್ದವರು ಹೇಳಿದರಂತೆ. ಹುಡುಗನು ಮತ್ತೆ ಅದೇ ಪ್ರಶ್ನೆಯನ್ನು ಎತ್ತಿದನು. ಆಗ ಅವರ ಸೊಸೆಯು, ‘ಇಂಥವರ ಕೃತ್ಯಕ್ಕೆ ಕಾರಣ ಹುಡುಕುವುದೆಂದರೆ ಅವರ ವಕಾಲತ್ತನ್ನು ವಹಿಸಿದಂತೆಯೇ, ಸತ್ತವರ ಪರವಾಗಿ ಕೇಳುವವರು ಯಾರು?’ ಎಂದಳಂತೆ. ಈಗ ಮೊಮ್ಮಗನಿಗೆ ಏನು ಹೇಳಬೇಕು, ಸೊಸೆಗೆ ಏನು ಹೇಳಬೇಕು ಎಂಬುದು ಆ ಗೃಹಸ್ಥರ ಪ್ರಶ್ನೆ.

ಹುಡುಗನ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುವೆವು. ಅಜ್ಜನವರ ಉತ್ತರದಲ್ಲಿದ್ದ ದೋಷವನ್ನು ತರ್ಕಶಾಸ್ತ್ರದಲ್ಲಿ ಅನ್ಯೋನ್ಯಾಶ್ರಯವೆಂದು ಕರೆಯುವರು. ಕೊಂದುದಕ್ಕೆ ದುಷ್ಟತನವೇ ಹೇತು, ದುಷ್ಟತನಕ್ಕೆ ಕೊಂದುದೇ ಪ್ರಮಾಣ, ಎಂದರೆ ಈಜುಬಾರದ ಇಬ್ಬರು ಒಬ್ಬರನ್ನೊಬ್ಬರು ಹಿಡಿದುಕೊಂಡು ಬಾವಿಯಲ್ಲಿ ತೇಲುವೆವೆಂದಂತಾಯಿತು. ತರ್ಕವನ್ನು ಓದದ ಬಾಲಕನು ಅದನ್ನು ಹಿಡಿದನಲ್ಲ ಎಂದು ನಮಗೆ ಸಂತೋಷವಾಗಿದೆ. ದುಷ್ಟನೆಂಬುದು ಕೃತ್ಯಕ್ಕೆ ನಾವು ಕೊಡುವ ಹೆಸರೇ ಹೊರತು ಕಾರಣವಲ್ಲ. ಕಾರಣವನ್ನು ಬೇರೆ ಕಡೆ ಹುಡುಕಬೇಕು.

ಹೆರೋದನು ದೂರದವನು, ಅಷ್ಟೂರಿನವನು ಹತ್ತಿರದವನು. ಕಲಬುರಗಿಯಿಂದ ಕಮಲಾಪುರ, ಹುಮನಾಬಾದುಗಳನ್ನು ದಾಟಿ ಹೋದರೆ ಅವನ ರಾಜಧಾನಿಯೇ ಸಿಕ್ಕುವುದು. ಆದುದರಿಂದ ಅವನನ್ನೇ ಮೊದಲು ವಿಚಾರಿಸುವೆವು.

ಬಹಮನಿ ರಾಜ್ಯವು 1347ರಲ್ಲಿ ನಮ್ಮ ಕಲಬುರಗಿಯಲ್ಲಿ ಸ್ಥಾಪಿತವಾಗಿ, ಅಹಮದಶಹನ ಕಾಲದಲ್ಲಿ ಬೀದರಕ್ಕೆ ಹೋಯಿತು. ಆ ಅಹಮದಶಹನ ಮೊಮ್ಮಗನೇ ಹುಮಾಯೂನ. ತಂದೆಯು 1458ರಲ್ಲಿ ತೀರಿಕೊಂಡಾಗ ಇವನೇ ಹಿರಿಯ ಮಗ, ಇವನೇ ನಿಯಮಿತನಾದ ಉತ್ತರಾಧಿಕಾರಿ. ಆದರೂ ಸರದಾರರಲ್ಲಿ ಕೆಲವರು ಸುದ್ದಿಯನ್ನು ಮರೆಮಾಡಿ ತಮ್ಮನಾದ ಹಸನ್ ಖಾನನನ್ನು ಸಿಂಹಾಸನದ ಮೇಲೆ ಕೂರಿಸಿದರು. ಹುಮಾಯೂನನು ಸ್ವಲ್ಪ ಮಂದಿಯನ್ನು ಕೂಡಿಕೊಂಡು ಅರಮನೆಯನ್ನು ಹೊಕ್ಕು, ತಮ್ಮನನ್ನು ಇಳಿಸಿ ತಾನು ಕುಳಿತನು. ತಮ್ಮನ ಕಣ್ಣುಗಳನ್ನು ಕೀಳಿಸಿ ಸೆರೆಯಲ್ಲಿಟ್ಟನು. ಈ ಕುತಂತ್ರದ ಮುಖಂಡನಾದ ಸೈಫ್ ಖಾನನನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಿದನು. ಕೆಲಕಾಲದಲ್ಲಿಯೇ ಇವನ ಸೋದರಸಂಬಂಧಿಯೂ ಬಾಲ್ಯದ ಒಡನಾಡಿಯೂ ಆಗಿದ್ದ ಸಿಕಂದರ್ ಖಾನನು ತನ್ನ ತಂದೆ ಜಲಾಲ್ ಖಾನನೊಡನೆ ತೆಲಂಗಾಣದಲ್ಲಿ ದಂಗೆಯೆದ್ದನು. ಆ ತಂದೆಮಕ್ಕಳು ಹಿಂದಿನ ಸುಲ್ತಾನನ ಕಾಲದಲ್ಲಿಯೂ ಒಮ್ಮೆ ದಂಗೆಯೆದ್ದು ಕ್ಷಮೆಯನ್ನು ಪಡೆದವರು. ಸಿಕಂದರನು ಕಾಳಗದಲ್ಲಿ ಸತ್ತನು; ಜಲಾಲ್ ಖಾನನಿಗೆ ಪ್ರಾಣದಾನವಿತ್ತು ಸೆರೆಯಲ್ಲಿಟ್ಟರು.

ಆಮೇಲೆ 1459ರಲ್ಲಿ ದೇವರಕೊಂಡದ ದಂಡಯಾತ್ರೆ. ಅಲ್ಲಿಯ ವೆಲಮ ನಾಯಕರ ಸಹಾಯಕ್ಕೆ ಒರಿಸ್ಸಾದ ಗಜಪತಿಯ ಸೈನ್ಯವು ಬಂದುದರಿಂದ ಬಹಮನಿ ಸೈನ್ಯವು ಸೋತಿತು. ಸುಲ್ತಾನನು ಆ ಕಡೆಯಲ್ಲಿರುವಾಗಲೇ ರಾಜಧಾನಿಯಿಂದ ಸುದ್ದಿ ಬಂದಿತು: ಯೂಸುಫ್ ತುರ್ಕ ಎಂಬವನು ಬೀದರದ ಸೆರೆಮನೆಯನ್ನು ಒಡೆದು ಕುರುಡನಾದ ಹಸನ್ ಖಾನನನ್ನೂ, ಜಲಾಲ್ ಖಾನನನ್ನೂ, ಸಂತ ನಿಯಾಮತುಲ್ಲಾನ ವಂಶದ ಹಬೀಬುಲ್ಲಾನನ್ನೂ ಬಿಡಿಸಿದನು, ಅವರೊಡನೆ ಸಹಸ್ರಾರು ಬಂದಿಗಳೂ ಹೊರಬಿದ್ದರು. ಹುಮಾಯೂನನು ಹಿಂದಿರುಗಿದನು. ಊರಿನ ಕೊತವಾಲನಿಗೆ ಅವನು ವಿಧಿಸಿದ ಶಿಕ್ಷೆಯನ್ನು ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ನಾವು ವಿವರಿಸೆವು. ಕಾವಲುಗಾರರಲ್ಲಿ 2,000 ಮಂದಿಯನ್ನು ಕೊಲ್ಲಿಸಿದನೆಂದು ಇತಿಹಾಸಕಾರ ಫೆರಿಸ್ತಾ ಬರೆಯುವನು. ಓಡಿಹೋದ ಹಸನ್ ಖಾನನ ಪಕ್ಷದವರನ್ನು ವಿಜಾಪುರದ ಅಧಿಕಾರಿಯಾದ ಸಿರಾಜ್ ಖಾನ ಜುನೈದಿಯು ಸತ್ಕಾರದ ನೆವದಿಂದ ಒಳಗೆ ಕರೆದು ಹಿಡಿದನು. ಹಬೀಬುಲ್ಲಾನು ಹೋರಾಡಿ ಅಲ್ಲಿಯೇ ಮಡಿದನು. ಉಳಿದವರನ್ನು ಬೀದರಕ್ಕೆ ತಂದರು. ಕುರುಡು ತಮ್ಮನನ್ನು ಹುಲಿಯ ಮುಂದೆ ಎಸೆಯಿಸಿದನು. ಅವರ ಪರಿವಾರದ ಹೆಂಗಸರು, ಅಡಿಗೆಯವರು, ಪಾತ್ರೆ ತೊಳೆಯುವವರು ಸಹ ಉಳಿಯಲಿಲ್ಲ. ಒಟ್ಟು ಸುಮಾರು 7,000 ಜನರೆಂದು ಫೆರಿಸ್ತಾನ ಲೆಕ್ಕ. ಇದಾದ ಒಂದು ವರ್ಷದಲ್ಲಿ, 1461ರಲ್ಲಿ, ಸುಲ್ತಾನನು ಸತ್ತನು. ರೋಗದಿಂದಲೆಂದು ಕೆಲವರು, ಸೇವಕರೇ ಕೊಂದರೆಂದು ಕೆಲವರು. ಆಗ ನಜೀರಿಯೆಂಬ ಕವಿಯು ಲೋಕದ ಆನಂದವೆಂಬ ಅರ್ಥವುಳ್ಳ ಎರಡು ಪದಗಳಿಂದ ಆ ವರ್ಷವನ್ನು ಸೂಚಿಸಿದನು. ನಮ್ಮ ಕಟಪಯಾದಿ ಸಂಖ್ಯೆಯಂತೆ ಅವರಲ್ಲಿಯೂ ಅಕ್ಷರಗಳಿಗೆ ಅಂಕೆಗಳುಂಟು. ಆ ಪದಗಳ ಅಕ್ಷರಗಳನ್ನು ಕೂಡಿದರೆ ಸತ್ತ ವರ್ಷವಾದ ಹಿಜರಿ 865 ಬರುವುದು. ಆಳಿದುದು ಮೂರೇ ವರ್ಷ.

ಇನ್ನು ಸಾಕ್ಷಿಗಳ ವಿಚಾರ. ಫೆರಿಸ್ತಾನು ವಿಜಾಪುರದ ಆದಿಲಶಾಹಿ ಆಸ್ಥಾನದಲ್ಲಿ ಕುಳಿತು ಬರೆದುದು 1606ರ ಸುಮಾರಿಗೆ. ಎಂದರೆ ಹುಮಾಯೂನನು ಸತ್ತು 145 ವರ್ಷಗಳ ತರುವಾಯ. ಅವನಿಗಿಂತ ಸ್ವಲ್ಪ ಮುಂಚೆ ಬರೆದ ತಬಾತಬಾನು ಅಹಮದನಗರದ ನಿಜಾಮಶಾಹಿಯ ಆಶ್ರಿತನು. ಬಹಮನಿ ರಾಜ್ಯವು ಒಡೆದುದರಿಂದಲೇ ಹುಟ್ಟಿದ ಮನೆತನಗಳವು. ಹಳೆಯ ಮನೆಯು ತನ್ನ ಪಾಪದಿಂದಲೇ ಬಿದ್ದಿತೆಂದರೆ ಹೊಸ ಮನೆಗಳಿಗೆ ಅಡ್ಡಿಯೇನೂ ಇಲ್ಲ. ಮೇಲಾಗಿ ಹುಮಾಯೂನನ ಕೋಪಕ್ಕೆ ಗುರಿಯಾದವರಲ್ಲಿ ಸಂತರ ಮನೆತನದವನೊಬ್ಬನಿದ್ದನು. ಆ ಮನೆತನದ ಶಿಷ್ಯರು ಸುಲ್ತಾನನ ಒಳ್ಳೆಯ ಮಾತನ್ನು ಮುಂದಿನವರಿಗೆ ದಾಟಿಸಿರುವರೆಂದು ನಿರೀಕ್ಷಿಸುವುದು ಕಷ್ಟ.

ಎದುರು ಪಕ್ಷದಲ್ಲಿ ಸಮಕಾಲೀನನಾದ ಒಬ್ಬ ಸಾಕ್ಷಿಯಿರುವನು. ಅವನು ಮಹಮೂದ ಗವಾನ. ಇವನಿಗೆ ‘ಮಲಿಕ್-ಉತ್-ತುಜ್ಜಾರ್’ ಎಂಬ ಬಿರುದನ್ನು ಕೊಟ್ಟು ಉನ್ನತ ಪದವಿಗೆ ಏರಿಸಿದವನೇ ಹುಮಾಯೂನ. ಗವಾನನ ಪಾರಸೀ ಪತ್ರಗಳ ಸಂಗ್ರಹವು ಉಳಿದು ಬಂದಿದೆ. ಅಲ್ಲಿ ಸುಲ್ತಾನನ ವಿಷಯದಲ್ಲಿ ಗೌರವದ ಮಾತುಗಳೇ ಕಾಣುವುವು. ಇದನ್ನೇ ಆಧಾರವಾಗಿಟ್ಟುಕೊಂಡು, ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿದ್ದ ಹರೂನ್ ಖಾನ್ ಶೇರ್ವಾನಿಯವರು 1953ರಲ್ಲಿ ಪ್ರಕಟವಾದ ತಮ್ಮ ಬಹಮನಿ ಇತಿಹಾಸದಲ್ಲಿ, ಹುಮಾಯೂನನು ಇಲ್ಲಿಯವರೇ ಆದ ದಖ್ಖನಿಗಳಿಗೂ ಇರಾನದ ಕಡೆಯಿಂದ ಬಂದ ಆಫಾಕಿಗಳಿಗೂ ಸರಿದೂಗಿಸಲು ಹೆಣಗಿದ ಅರಸನೆಂದೂ, ಅವನ ಅಪಕೀರ್ತಿಯು ಬಹುಮಟ್ಟಿಗೆ ಶತ್ರುಗಳ ಸೃಷ್ಟಿಯೆಂದೂ ವಾದಿಸಿರುವರು. ಶೇರ್ವಾನಿಯವರ ಪಾಂಡಿತ್ಯಕ್ಕೆ ನಾವು ತಲೆಬಾಗುವೆವು. ಆದರೆ ಮಂತ್ರಿಯು ತನ್ನ ದೊರೆಯ ಕುರಿತು ಬರೆದ ಪತ್ರಕ್ಕೆ ಎಷ್ಟು ತೂಕವನ್ನು ಕೊಡಬೇಕು? ಹುಲಿಯ ಬೋನಿರುವ ಅರಮನೆಯಲ್ಲಿ ಕುಳಿತು ಯಾರು ತಾನೇ ಬೇರೆ ಬಗೆಯಾಗಿ ಬರೆದಾರು?

ಹೆರೋದನ ವಿಷಯದಲ್ಲಿಯೂ ತೊಡಕು ಇಂಥದೇ. ಕೂಸುಗಳ ವಧೆಯನ್ನು ಹೇಳುವುದು ಮತ್ತಾಯನ ಸುವಾರ್ತೆಯ ಎರಡನೆಯ ಅಧ್ಯಾಯ ಒಂದೇ. ಅವನ ಚರಿತ್ರೆಯನ್ನು ಸವಿಸ್ತಾರವಾಗಿ ಬರೆದ ಯೆಹೂದ್ಯ ಇತಿಹಾಸಕಾರ ಜೋಸೀಫಸನು ಅದನ್ನು ಎತ್ತುವುದೇ ಇಲ್ಲ. ಜೋಸೀಫಸನಾದರೋ ಹೆರೋದನು ಸತ್ತು ನೂರು ವರ್ಷಗಳ ಸಮೀಪದಲ್ಲಿ ಬರೆದವನು. ಅವನಿಗೆ ಮುಖ್ಯ ಆಧಾರವಾದುದು ಹೆರೋದನ ಆಸ್ಥಾನಿಕನೇ ಆದ ದಮಸ್ಕದ ನಿಕೊಲಾಸನ ಗ್ರಂಥ. ಹಾಗಿದ್ದರೂ ಆ ಚರಿತ್ರೆಯಲ್ಲಿ ಏನು ಉಳಿಯಿತೆಂಬುದನ್ನು ನೋಡಿರಿ. ಹೆಂಡತಿಯಾದ ಮರಿಯಮ್ನೆಯನ್ನು ಕೊಲ್ಲಿಸಿದನು. ಅವಳ ತಮ್ಮನನ್ನು ಕೊಳದಲ್ಲಿ ಮುಳುಗಿಸಿದನು. ಅವಳ ವೃದ್ಧ ಅಜ್ಜನನ್ನು ಕೊಲ್ಲಿಸಿದನು. ಅವಳಲ್ಲಿ ಹುಟ್ಟಿದ ತನ್ನ ಇಬ್ಬರು ಮಕ್ಕಳನ್ನು ಕ್ರಿ.ಪೂ. 7ರಲ್ಲಿಯೂ, ಇನ್ನೊಬ್ಬ ಮಗನನ್ನು ತಾನು ಸಾಯುವುದಕ್ಕೆ ಐದು ದಿನ ಮುಂಚೆಯೂ ಮುಗಿಸಿದನು. ಆ ಮರಿಯಮ್ನೆಯು ಹಿಂದೆ ಆಳುತ್ತಿದ್ದ ರಾಜವಂಶದ ಕನ್ಯೆ. ಹೆರೋದನು ರೋಮಿನವರ ಕೃಪೆಯಿಂದ ಸಿಂಹಾಸನವನ್ನೇರಿದ ಹೊರಗಿನ ಮನೆತನದವನು. ಇವರೆಲ್ಲರಿಗೂ ಸಿಂಹಾಸನದ ಮೇಲೆ ಅವನಿಗಿಂತ ಹೆಚ್ಚಿನ ಹಕ್ಕಿದ್ದಿತು, ಅಥವಾ ಹಾಗೆಂದು ಅವನಿಗೆ ತೋರಿತು. ಇದೇ ಮನುಷ್ಯನು ಬರಗಾಲದಲ್ಲಿ ಅರಮನೆಯ ಬೆಳ್ಳಿಬಂಗಾರವನ್ನು ಕರಗಿಸಿ, ಈಜಿಪ್ಟಿನಿಂದ ಧಾನ್ಯವನ್ನು ತರಿಸಿ ಪ್ರಜೆಗಳಿಗೆ ಹಂಚಿದನೆಂದೂ ಜೋಸೀಫಸನೇ ಹೇಳುವನು. ಯೆರೂಸಲೇಮಿನ ದೇವಾಲಯವನ್ನು ಭವ್ಯವಾಗಿ ಕಟ್ಟಿಸಿದವನೂ ಅವನೇ. ನಮ್ಮ ಕಂಸನ ಕಥೆಯನ್ನು ಬಲ್ಲವರಿಗೆ ಬೇತ್ಲೆಹೇಮಿನ ಕಥೆಯು ಹೊಸದೆನಿಸದು. ತಂಗಿಯ ಮದುವೆಯ ರಥವನ್ನು ತಾನೇ ಪ್ರೀತಿಯಿಂದ ನಡೆಸುತ್ತಿದ್ದ ಕಂಸನು ಅಶರೀರವಾಣಿಯ ಒಂದು ಮಾತಿಗೆ ಅವಳ ಜಡೆಯನ್ನು ಹಿಡಿದು ಕತ್ತಿಯನ್ನು ಹಿರಿದನಲ್ಲವೆ?

ಹೀಗೆ ಎರಡು ಕಡೆಯ ಸಾಕ್ಷಿಗಳೂ ಸೋರುವ ಕೊಡಗಳಾಗಿರುವಾಗ ನಾವು ಮೀಮಾಂಸಕರ ಬಳಿಗೆ ಹೋಗುವೆವು. ವಾಕ್ಯದ ತಾತ್ಪರ್ಯವನ್ನು ನಿರ್ಣಯಿಸಲು ಅವರು ಕೆಲವು ಲಿಂಗಗಳನ್ನು, ಎಂದರೆ ಗುರುತುಗಳನ್ನು, ಹೇಳಿರುವರು. ಆರಂಭ ಹೇಗಿದೆ, ಮುಗಿತಾಯ ಹೇಗಿದೆ, ಯಾವುದು ಮತ್ತೆ ಮತ್ತೆ ಬರುವುದು, ಫಲವೇನು, ಅರ್ಥವಾದವೆಷ್ಟು ಎಂದು ನೋಡಬೇಕೆನ್ನುವರು. ಅರ್ಥವಾದವೆಂದರೆ ಹೊಗಳಿಕೆ ತೆಗಳಿಕೆಗಳ ಉಬ್ಬರದ ಮಾತು. ‘ನಹಿನಿಂದಾನ್ಯಾಯ’ವೆಂದು ಅವರಲ್ಲಿ ಒಂದುಂಟು: ಒಂದನ್ನು ನಿಂದಿಸುವುದು ಅದನ್ನೇ ನಿಂದಿಸುವುದಕ್ಕಾಗಿ ಅಲ್ಲ, ಬೇರೊಂದನ್ನು ಹೊಗಳುವುದಕ್ಕಾಗಿ. ಫೆರಿಸ್ತಾನ ತುಂಬುಸಂಖ್ಯೆಗಳನ್ನು ಓದುವಾಗ ನಮಗೆ ಈ ನ್ಯಾಯವು ನೆನಪಾಗುವುದು. 7,000 ಎಂಬುದು ಎಣಿಸಿದ ಲೆಕ್ಕವಲ್ಲ. ನಡುಕವನ್ನು ಹುಟ್ಟಿಸುವ ಅಂಕೆ. ಹುಮಾಯೂನನು ಬೀದಿಯಲ್ಲಿ ಹೋಗುವ ಮದುವಣಗಿತ್ತಿಯರನ್ನು ಹಿಡಿಸಿ ತರಿಸುತ್ತಿದ್ದನೆಂಬ ಮಾತೂ ಹಾಗೆಯೇ. ಲೋಕದ ಎಲ್ಲ ಕ್ರೂರ ಅರಸರ ಮೇಲೆಯೂ ಬರುವ ಆರೋಪವಿದು. ಜಾತಕ ಬರೆಯುವವನು ಎಲ್ಲರಿಗೂ ಒಂದೊಂದು ಜಲಗಂಡವನ್ನು ಬರೆದಂತೆ.

ಅರ್ಥವಾದವನ್ನು ಕಳೆದರೂ ಕೃತ್ಯಗಳ ಕ್ರಮವು ಉಳಿಯುವುದು. ಆ ಕ್ರಮವನ್ನು ಫೆರಿಸ್ತಾನು ಯಾರ ಪಕ್ಷಕ್ಕಾಗಿಯೂ ಕಟ್ಟಿದಂತೆ ಕಾಣುವುದಿಲ್ಲ. ಮೊದಲ ವರ್ಷದಲ್ಲಿ ಪ್ರತಿಸ್ಪರ್ಧಿಯನ್ನು ಕುರುಡುಗೊಳಿಸಿದನು, ಕೊಲ್ಲಲಿಲ್ಲ. ಘೋರವಾದರೂ, ಕುರುಡನು ಸುಲ್ತಾನನಾಗಲಾರನೆಂಬ ಆ ಕಾಲದ ರಾಜಕೀಯವು ಅದರ ಹಿಂದಿದೆ. ಎರಡನೆಯ ದಂಗೆಯ ಮುಖಂಡನನ್ನು ಜೀವಸಹಿತ ಉಳಿಸಿದನು. ಮೂರನೆಯ ಬಾರಿ ಎದುರಿಗೆ ನಿಂತವರು ಯಾರು? ಪ್ರಾಣ ಉಳಿಸಿಕೊಂಡ ಅದೇ ತಮ್ಮ, ಅದೇ ಜಲಾಲ್ ಖಾನ. ಹುಟ್ಟುಕ್ರೂರಿಯ ಕೃತ್ಯಗಳಿಗೆ ಇಂಥ ಕ್ರಮವಿರದು. ಅವನಿಗೆ ಮೊದಲ ದಿನವೂ ಕೊನೆಯ ದಿನವೂ ಒಂದೇ. ಇಲ್ಲಿ ಶಿಕ್ಷೆಯು ಮೆಟ್ಟಲುಮೆಟ್ಟಲಾಗಿ ಏರಿದೆ, ಮತ್ತು ಪ್ರತಿ ಮೆಟ್ಟಲಿನಲ್ಲಿಯೂ ಒಂದು ಭಯವು ನಿಂತಿದೆ. ಅವನಿಗೆ ಭಯವು ಕಲ್ಪಿತವೂ ಅಲ್ಲ. ಸುತ್ತಲಿದ್ದವರು ನಿಜವಾಗಿಯೇ ಅವನನ್ನು ಕೆಡಹಲು ನೋಡುತ್ತಿದ್ದರು. ಮೊಮ್ಮಗನಿಗೆ ಕಮಲಾಪುರದ ಅಜ್ಜನವರು ಇಷ್ಟನ್ನು ಹೇಳಬಹುದು: ಹುಮಾಯೂನನೂ ಹೆರೋದನೂ ಹೆದರಿದ್ದರು.

ಇಲ್ಲಿಗೇ ನಿಂತರೆ ಸೊಸೆಯ ಆಕ್ಷೇಪವು ಗೆದ್ದಿತು. ಅವಳ ಆಕ್ಷೇಪವೇ ಈ ಪತ್ರದಲ್ಲೆಲ್ಲ ಹೆಚ್ಚು ತೂಕವುಳ್ಳದ್ದೆಂದು ನಮ್ಮ ಅಭಿಪ್ರಾಯ. ಭಯವು ಎಲ್ಲಿಯವರೆಗೆ ಕಾರಣವಾಗಬಲ್ಲದು? ಸೈಫ್ ಖಾನನವರೆಗೆ, ಯೂಸುಫ್ ತುರ್ಕನವರೆಗೆ, ಬಹುದೂರ ಎಳೆದರೆ ಕುರುಡು ತಮ್ಮನವರೆಗೆ. ಪಾತ್ರೆ ತೊಳೆಯುವವನಿಗೆ ಯಾವ ಸುಲ್ತಾನನು ಹೆದರಿದನು? ಅಡಿಗೆಯವಳು ಯಾವ ಸಿಂಹಾಸನವನ್ನು ಬೇಡಿದಳು? ಅಲ್ಲಿ ಭಯದ ನೆವವು ತೀರಿಹೋಗಿ, ಉಳಿದವರು ನೋಡಿ ನಡುಗಲೆಂಬ ಬಯಕೆ ಮಾತ್ರ ಉಳಿದಿರುವುದು. ಹುಲಿಯ ಬೋನನ್ನು ಅವನು ಅರಮನೆಯ ಒಳಗೆ ಇಡಲಿಲ್ಲ, ಜನರೆದುರಿಗೆ ಚೌಕದಲ್ಲಿ ಇರಿಸಿದನು. ಹೆರೋದನಾದರೋ ಸಾಯುವ ಕಾಲದಲ್ಲಿ ನಾಡಿನ ಗಣ್ಯರನ್ನೆಲ್ಲ ಯೆರಿಕೋವಿನ ಕುದುರೆಯೋಟದ ಅಂಗಣದಲ್ಲಿ ಕೂಡಿಹಾಕಿಸಿ, ತನ್ನ ಪ್ರಾಣ ಹೋದ ಕೂಡಲೆ ಅವರನ್ನೂ ಕೊಲ್ಲಬೇಕು, ಆಗಲಾದರೂ ನಾಡಿನಲ್ಲಿ ಅಳು ಕೇಳಿಬಂದೀತು, ಎಂದು ಅಪ್ಪಣೆಯಿತ್ತನೆಂದು ಜೋಸೀಫಸನು ಬರೆದಿರುವನು. ಅವನ ತಂಗಿಯು ಆ ಅಪ್ಪಣೆಯನ್ನು ಮುರಿದು ಎಲ್ಲರನ್ನೂ ಬಿಡಿಸಿದಳು. ಸಾಯುವವನಿಗೆ ಮತ್ತಾವ ಸಿಂಹಾಸನದ ಭಯ? ಕಾರಣವನ್ನು ಹುಡುಕುತ್ತ ಹೋದಾಗ ಯಾವ ಸ್ಥಳದಲ್ಲಿ ಅದು ಸಾಲದೆ ಹೋಗುವುದೆಂಬುದು ಗೊತ್ತಾಗುವುದು. ಹುಡುಕದವರಿಗೆ ಆ ಸ್ಥಳವು ಕಾಣಿಸದು. ಆದುದರಿಂದ ಇದು ವಕಾಲತ್ತಲ್ಲವೆಂದು ಆ ತಾಯಿಗೆ ನಮ್ಮ ವಿನಯಪೂರ್ವಕವಾದ ಬಿನ್ನಹ. ಸತ್ತವರ ಪರವಾಗಿ ಕೇಳುವ ಬಗೆಯೂ ಇದೇ. ರಾಜಧರ್ಮವನ್ನು ಹೇಳುವ ಮನುವು ದಾರಿತಪ್ಪಿದ ದಂಡವು ಅರಸನನ್ನೇ ಬಂಧುಸಹಿತವಾಗಿ ಹಾಳುಮಾಡುವುದೆನ್ನುವಾಗ, ಅರಸನು ಹೆದರಿದ್ದನೋ ಇಲ್ಲವೋ ಎಂದು ವಿಚಾರಿಸುವುದಿಲ್ಲ.

ಇನ್ನೊಂದು ಮಾತನ್ನು ನಮ್ಮ ಊರುಗಳ ಸಲುವಾಗಿ ಹೇಳಬೇಕಾಗಿದೆ. ಇಂಥ ಅರಸರ ಕೃತ್ಯವನ್ನೆಲ್ಲ ಅವರ ಮತದ ತಲೆಗೆ ಕಟ್ಟಿ, ಆ ಮತದ ಇಂದಿನ ನೆರೆಹೊರೆಯವರನ್ನು ಓರೆಗಣ್ಣಿನಿಂದ ನೋಡುವ ಅಭ್ಯಾಸವು ಕೆಲವರಲ್ಲುಂಟು. ಹುಮಾಯೂನನ ಕೈಯಲ್ಲಿ ಸತ್ತವರ ಹೆಸರುಗಳನ್ನು ಮೇಲೆ ಬರೆದಿರುವೆವು. ತಮ್ಮ, ಸೋದರಸಂಬಂಧಿ, ಸರದಾರ, ಸಂತರ ವಂಶದವ. ಅವನನ್ನು ಜಾಲಿಮನೆಂದು ಮೊದಲು ಹಳಿದವರೂ ಅವನ ಮತದವರೇ.

ಹಾಗೆ ನೋಡಿದರೆ ಕಲಬುರಗಿಯ ಮೊದಲನೆಯ ಮುಹಮ್ಮದಶಹನು ವಿಜಯನಗರದ ಮೇಲೆ ಮಾಡಿದ ಯುದ್ಧಗಳಲ್ಲಿ ಬಿದ್ದ ಹೆಣಗಳಿಗೆ ಫೆರಿಸ್ತಾನು ಹೇಳುವ ಅಂಕೆಯು ಇದಕ್ಕಿಂತ ಎಷ್ಟೋ ಪಾಲು ದೊಡ್ಡದು. ಆದರೂ ಅವನಿಗೆ ಜಾಲಿಮ್ ಎಂಬ ಹೆಸರು ಬರಲಿಲ್ಲ. ಯುದ್ಧದ ಕೊನೆಯಲ್ಲಿ, ಇನ್ನು ಮುಂದೆ ಆಯುಧ ಹಿಡಿಯದವರನ್ನು ಎರಡೂ ಕಡೆಯವರು ಕೊಲ್ಲಬಾರದೆಂದು ಒಡಂಬಡಿಕೆಯಾಯಿತೆಂದು ಅದೇ ಫೆರಿಸ್ತಾನು ಬರೆಯುವನು. ಹುಮಾಯೂನನ ಅಜ್ಜ ಅಹಮದಶಹನು ಸತ್ತವರ ಸಂಖ್ಯೆ 20,000 ಆದಾಗಲೆಲ್ಲ ದಂಡನ್ನು ಮೂರು ದಿನ ನಿಲ್ಲಿಸಿ ಉತ್ಸವವನ್ನು ಆಚರಿಸುತ್ತಿದ್ದನೆಂಬುದೂ ಅವನದೇ ಮಾತು. ಬರಗಾಲದಲ್ಲಿ ಗುಡ್ಡವನ್ನೇರಿ ಪ್ರಾರ್ಥಿಸಿ ಮಳೆ ತರಿಸಿದನೆಂದು ಆ ಅಹಮದಶಹನನ್ನು ಜನರು ‘ವಲಿ’ ಎಂದರು. ಲಿಂಗಾಯತರು ಅಲ್ಲಮಪ್ರಭುವೆಂದೇ ಅವನನ್ನು ಭಾವಿಸುವರು. ಪ್ರತಿವರ್ಷದ ಉರುಸಿಗೆ ನಮ್ಮ ಕಲಬುರಗಿ ಜಿಲ್ಲೆಯಿಂದಲೇ ಜಂಗಮರೊಬ್ಬರು ಪರಿವಾರದೊಡನೆ ನಡೆದು ಹೋಗಿ, ಶಂಖವನ್ನು ಊದಿ, ಕಾಯಿ ಒಡೆದು ಪೂಜಿಸುವರು. ಅಜ್ಜನ ಗೋರಿಗೂ ಮೊಮ್ಮಗನ ಮುರಿದ ಗೋರಿಗೂ ನಡುವೆ ಇರುವುದು ಕೂಗಳತೆ. ಸಿಡಿಲು ಅಲ್ಲಿ ಬೀಳದೆ ಇಲ್ಲಿ ಬಿದ್ದುದನ್ನು ದೈವದ ತೀರ್ಪೆಂದು ಓದುವವರ ಭಕ್ತಿಯನ್ನು ನಾವು ಕೆಣಕುವುದಿಲ್ಲ; ಎತ್ತರವಾದ ಗುಮ್ಮಟಕ್ಕೆ ಸಿಡಿಲು ಎರಗುವುದುಂಟು, ಎಂಬಷ್ಟನ್ನು ಮಾತ್ರ ಶಾಲೆಯ ಹುಡುಗರಿಗೆ ಹೇಳಬೇಕು.

ಅಂತರಂಗವನ್ನು ಅವಸರದಿಂದ ನಿರ್ಣಯಿಸಿದುದರ ಫಲವನ್ನು ಬೀದರವು ಮುಂದೆ ಇಪ್ಪತ್ತು ವರ್ಷಗಳಲ್ಲಿ ಕಂಡಿತು. ಹುಮಾಯೂನನು ಸತ್ತಾಗ ಮಗನು ಎಂಟು ವರ್ಷದವನು. ರಾಣಿಯೂ ಮಹಮೂದ ಗವಾನನೂ ಇನ್ನೊಬ್ಬ ಮಂತ್ರಿಯೂ ಕೂಡಿ ರಾಜ್ಯವನ್ನು ನಡೆಸಿದರು. ಆ ಬಾಲಕನೂ ಬೇಗನೆ ತೀರಿಕೊಳ್ಳಲು ಹುಮಾಯೂನನ ಇನ್ನೊಬ್ಬ ಮಗ ಮುಹಮ್ಮದಶಹನು ಪಟ್ಟಕ್ಕೆ ಬಂದನು. ಗವಾನನನ್ನು ಸಹಿಸದ ಸರದಾರರು ಅವನ ಮೊಹರಿನವನನ್ನು ಒಲಿಸಿ, ಬರಿಯ ಕಾಗದದ ಮೇಲೆ ಮೊಹರನ್ನು ಒತ್ತಿಸಿಕೊಂಡು, ಒರಿಸ್ಸಾದ ರಾಜನನ್ನು ದಂಡೆತ್ತಿ ಬರುವಂತೆ ಕರೆಯುವ ಪತ್ರವನ್ನು ಅದರಲ್ಲಿ ಬರೆದರು. ಮುದ್ರಾರಾಕ್ಷಸವನ್ನು ಓದಿದವರಿಗೆ ರಾಕ್ಷಸನ ಉಂಗುರದ ಕಥೆ ಇಲ್ಲಿ ನೆನಪಾಗದಿರದು. ಚಾಣಕ್ಯನು ರಾಕ್ಷಸನನ್ನು ಗೆಲ್ಲುವುದಕ್ಕೆ ಆ ತಂತ್ರವನ್ನು ಮಾಡಿದನು, ಇವರು ಕೊಲ್ಲುವುದಕ್ಕೆ ಮಾಡಿದರು. ಸುಲ್ತಾನನು ಪತ್ರವನ್ನು ತೋರಿಸಲು, ಮೊಹರು ತನ್ನದು, ಬರವಣಿಗೆ ತನ್ನದಲ್ಲವೆಂದು ಗವಾನನು ಹೇಳಿದನು. ಪತ್ರವನ್ನು ಯಾರು ತಂದರು, ಯಾರ ಕೈಬರಹ ಎಂದು ಸುಲ್ತಾನನು ಒಂದು ಗಳಿಗೆ ಸಹ ವಿಚಾರಿಸಲಿಲ್ಲ. 1481ರ ಏಪ್ರಿಲಿನಲ್ಲಿ, ವೃದ್ಧ ಮಂತ್ರಿಯ ತಲೆಯು ಅಲ್ಲಿಯೇ ಉರುಳಿತು. ಕ್ರೂರಿಯೆನಿಸಿದ ತಂದೆಯು ನಂಬಿ ಮೇಲೆತ್ತಿದವನನ್ನು, ಕ್ರೂರಿಯೆನಿಸದ ಮಗನು ಹೀಗೆ ಕೊಲ್ಲಿಸಿದನು. ಆಮೇಲೆ ಮನೆಯನ್ನು ಶೋಧಿಸಿದಾಗ, ರಾಜ್ಯವನ್ನೇ ಆಳಿದವನ ಖಜಾನೆಯಲ್ಲಿ ಹೇಳಿಕೊಳ್ಳುವಷ್ಟು ಹಣವಿರಲಿಲ್ಲ. ಸುಲ್ತಾನನು ಪಶ್ಚಾತ್ತಾಪಪಟ್ಟು ಮರುವರ್ಷವೇ ಸತ್ತನು. ರಾಜ್ಯವೂ ಬಹುಕಾಲ ಒಂದಾಗಿ ಉಳಿಯಲಿಲ್ಲ.

ಗವಾನನ ಗೋರಿಯು ಅಷ್ಟೂರಿನಲ್ಲಿಲ್ಲ. ಬೀದರದ ಇನ್ನೊಂದು ಕಡೆಯಲ್ಲಿ ಗೋರನಳ್ಳಿಯ ಬಳಿ, ಗುಮ್ಮಟವಿಲ್ಲದೆ, ಸಾದಾ ಕಟ್ಟೆಯ ಮೇಲೆ ಇದೆ. ಅವನು ಕಟ್ಟಿಸಿದ ಮದರಸೆಯನ್ನು ನೋಡಲು ಬರುವವರು ಅಲ್ಲಿಯವರೆಗೆ ಹೋಗುವುದು ಅಪರೂಪ. ಕಮಲಾಪುರದ ಗೃಹಸ್ಥರು ಮತ್ತೊಮ್ಮೆ ಬೀದರಕ್ಕೆ ಹೋದರೆ ಹುಡುಗನನ್ನು ಅಲ್ಲಿಗೆ ಕರೆದುಕೊಂಡು ಹೋಗಲಿ. ಹೊತ್ತು ಏರುವುದಕ್ಕೆ ಮುಂಚೆ ಹೋದರೆ ಒಳ್ಳೆಯದು.